ನೋಡ್ಕೊಂಡು ಹೇಳಿ

ಅಣ್ಣಾ,

ಇವತ್ತು ಮೂರನೆಯ ಥೆರಪಿಸ್ಟ್‌ಗೆ ಫೋನ್ ಮಾಡಿದೆ. ಮೊದಲಿನ ಇಬ್ಬರೂ ಹಿಡಿಸಲಿಲ್ಲ. ಒಬ್ಬರು ಅಯ್ಯೋ ಪಾಪ ಎಂದುಬಿಟ್ಟರು, ಇನ್ನೊಬ್ಬರು ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಸರಿಹೋಗುತ್ತದೆ ಎಂದರು.

ಹದಿನೈದು ನಿಮಿಷದ ಪರಿಚಯದ ಮಾತು, ಅಷ್ಟೇ. ನಮ್ಮ ಲಿಫ್ಟ್ ರಿಪೇರಿ ಅಂಗಡಿಯೊಳಗೆ ಶತಪಥ ಹಾಕುತ್ತ, ಕೆಲಸಕ್ಕೆ ಆಳು ತೆಗೆದುಕೊಳ್ಳುವವನ ಗತ್ತಿನಲ್ಲಿ ಕೇಳಿದೆ: "ಮಾತಿನ ಮಧ್ಯದಲ್ಲಿ ನಾನು ಸಿಕ್ಕಿಹಾಕ್ಕೊಂಡ್ರೆ ಏನ್ಮಾಡ್ತೀರಿ ಮೇಡಂ?"

ಆಕೆ ನಕ್ಕರು. "ಅಲ್ಲೇ ನಿಲ್ಲಿಸ್ತೀನಿ. ನೀವು ಹೊರಗೆ ಬರೋವರೆಗೂ ಜೊತೆಗಿರ್ತೀನಿ."

ನೀನಾಗಿದ್ದರೆ ಭೇಷ್ ಎನ್ನುತ್ತಿದ್ದೆ.

ಆಮೇಲೆ ಆಕೆ ಕೇಳಿದರು, "ಊಟ, ನಿದ್ದೆ ಎಲ್ಲ ಸರಿಯಾಗಿದೆಯಾ?"

"ಹೂಂ, ಸರಿಯಾಗಿದೆ," ಎಂದೆ ಥಟ್ಟನೆ.

"ಅಷ್ಟು ಬೇಗ ಬೇಡ. ಒಂದ್ಸಲ ನೋಡ್ಕೊಂಡು ಹೇಳಿ."

ನನ್ನ ಕಾಲು ನಿಂತುಬಿಟ್ಟಿತು. ಸ್ವಿಚ್ಚಿನ ಮೇಲೆ ಕೈಯಿಟ್ಟು ನೋಡಿದ ಮೇಲೇ ಉತ್ತರ ಕೊಡಬೇಕೆಂದು ನೀನು ಎಷ್ಟೋ ಸಲ ಬೈದಿದ್ದೆಯಲ್ಲ. ಆ ದಿನ ಲಿಫ್ಟಿನ ಕೆಳಗಿನ ಗುಂಡಿಯೊಳಗಿಂದ "ಕರೆಂಟ್ ತೆಗೆದ್ಯಾ?" ಎಂದು ನೀನು ಕೂಗಿದಾಗ, ನಾನು ಮೇಲೆ ಯಾರ ಜೊತೆಗೋ ಹರಟುತ್ತಿದ್ದೆ. ಆಗಲೂ ಇಷ್ಟೇ ಬೇಗ ಹೂಂ ಎಂದಿದ್ದೆ. ನೀನು ಜೀವಂತವಾಗಿ ಮೇಲೆ ಬರಲಿಲ್ಲ.

ಆಕೆ ಆತುರಪಡಿಸಲಿಲ್ಲ. ನಾನು ನೋಡಿಕೊಂಡೆ.

"ಇಲ್ಲ ಮೇಡಂ," ಎಂದೆ. "ಸೋಮವಾರ ಬರ್ಲಾ?"