ಕಲ್ಲುಗಣಿ ಬೇಕೋ ಬೇಡವೋ

ಪ್ರೀತಿಯ ಅಕ್ಕಾ,

ನಾನು ಸೊಸೆಯಾಗಿ ಬಂದ ಈ ತಾತ್ರಾ ಬೆಟ್ಟದ ಹಳ್ಳಿಯಲ್ಲಿ ನಿನ್ನೆ ಕಲ್ಲುಗಣಿಯ ಬಗ್ಗೆ ಜನಮತ ನಡೆಯಿತು. ಮನೆಮನೆ ಅಲೆದು, ಸಹಿ ಕೂಡಿಸಿ ಅದನ್ನು ಮಾಡಿಸಿದವರು ನಮ್ಮತ್ತೆ ಒಟಿಲಿಯಾ. ಅರ್ಧ ಊರಾದರೂ ಮತ ಹಾಕದಿದ್ದರೆ ಕಾನೂನಿನ ಪ್ರಕಾರ ಅದು ಅಸಿಂಧು. ಗಣಿ ಬೇಕೆನ್ನುವ ಮೇಯರ್ ಅದೇ ಹೊತ್ತಿಗೆ ಕೆರೆದಂಡೆಯಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಗೂಲಾಶ್ ಎಂಬ ಮಾಂಸದ ಸಾರು ಬಡಿಸಿದ.

ಅವನ ಲಾರಿ ಓಡಿಸುವ ನಮ್ಮ ಮಾವ, “ಮತಗಟ್ಟೆಗೆ ಹೋದರೇ ಗಣಿ ಬೇಡ ಅಂದ ಹಾಗೆ ಕಣೇ, ನನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ” ಎಂದು ಅತ್ತೆಯ ಬೂಟು ಬಚ್ಚಿಟ್ಟು ಊಟಕ್ಕೆ ಹೋದರು. ಅತ್ತೆ ಮನೆಯ ಚಪ್ಪಲಿಯಲ್ಲೇ ಹೋಗಿ ಮತ ಹಾಕಿದರು. ಹಾಕಿದವರೆಲ್ಲ ಗಣಿ ಬೇಡವೆಂದರು. ಆದರೆ ಅರ್ಧ ಊರೂ ಬರಲಿಲ್ಲ, ಗಣಿ ಬರುತ್ತದೆ.

ಸಂಜೆ ಮಾವ ತಟ್ಟೆಯ ಮುಂದೆ ಕೂತಾಗ ಅತ್ತೆ, “ಇವರಿಗೆ ಊಟ ಬೇಡ ಅನ್ನೋರು ಕೈ ಎತ್ತಿ” ಎಂದರು. ನನ್ನ ಗಂಡ ಪಟ್ಟಣದ ಕೆಲಸದಲ್ಲಿದ್ದಾನೆ; ಮನೆಯಲ್ಲಿರುವ ಮೂವರಲ್ಲಿ ನಾವಿಬ್ಬರು ಎತ್ತಿದೆವು. ಸಿಂಧುವಾಯಿತು.

ನನ್ನ ಕೆಮ್ಮು ವಾಸಿಯಾಗಿದೆ, ಗಣಿಯ ದೂಳು ಏಳುವವರೆಗೆ.

ನಿನ್ನ ತಂಗಿ ಲುಬಿತ್ಸಾ