ಹತ್ತು ನಿಮಿಷದ ಹಗ್ಗ

ಪ್ರೀತಿಯ ಅತ್ತಿಗೆ,

ಇಲ್ಲ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನ ಫೋನಿನಲ್ಲಿ, "ಸತ್ತ ಹಾವು ಹೊಡೆಯೋಕೆ ಕೋಲು ಹುಡುಕ್ಬೇಡ ಕಣೋ, ತೆಪ್ಪಗೆ ಕೂತ್ಕೋ" ಅಂದಿರಿ. ನಾನು ಬಾಯಿ ತೆಗೆಯುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟಿರಿ. ಮತ್ತೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ನಿಮ್ಮಿಂದಲೂ ಆಗುವುದಿಲ್ಲ. ಮೂರು ಗಂಟೆಗೆ ಮೀಟಿಂಗು. ಈಗ ಎರಡೂ ಹತ್ತು. ನಿಮ್ಮ ಹಳೇ ಮೇಜಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ, ಉಳಿದವರೆಲ್ಲ ಊಟಕ್ಕೆ ಹೋಗಿದ್ದಾರೆ.

ಹಾವು ಸತ್ತಿಲ್ಲ ಅತ್ತಿಗೆ. ಬೆಳಿಗ್ಗೆ ಗಡಿಯಾರ ಬಂದಿದ್ದರು. ಮ್ಯಾನೇಜರಿಗೆ ಆ ಹೆಸರಿಟ್ಟವರು ನೀವೇ ಅಲ್ಲವೇ, ಮಾತಿಗೊಂದು ಸಲ ಕೈಗಡಿಯಾರ ನೋಡುತ್ತಾರೆಂದು. ಮುಂದಿನ ತಿಂಗಳು ಹಳೇ ಸಾಫ್ಟ್‌ವೇರ್ ಹೋಗಿ ಹೊಸದು ಬರುತ್ತದಂತೆ. "ಒಂದೊಂದು ಟವರ್ ನೋಡಿಗೂ ಬದಲಾವಣೆ ಕಳಿಸಿ ಹತ್ತು ಹತ್ತು ನಿಮಿಷ ಕಾಯ್ಕೊಂಡು ಕೂತ್ರೆ ಮುನ್ನೂರ ಹನ್ನೆರಡು ನೋಡು ಯಾವ ಕಾಲಕ್ಕೆ ಮುಗಿಯುತ್ತೆ? ಹೊಸದರಲ್ಲಿ ಆ ಕಾಯೋ ಪದ್ಧತೀನೇ ಬೇಡ. ಬೇಕು ಅನ್ನೋರು ಮೂರು ಗಂಟೆಗೆ ಬಂದು ಯಾಕೆ ಬೇಕು ಅಂತ ಹೇಳಿ" ಅಂದರು. ಏಳು ಜನ ಇದ್ದೆವು. ಯಾಕೆ ಬೇಕು ಅನ್ನುವುದು ಮೈಗೆ ತಾಗಿ ಗೊತ್ತಿರುವವನು ಅಲ್ಲಿ ನಾನೊಬ್ಬನೇ. ಆದರೆ ಅದನ್ನು ಹೇಳಬೇಕೆಂದರೆ ಆ ದಿನದ ವಿಷಯ ಹೇಳಬೇಕು. ಆ ದಿನದ ದಾಖಲೆಯಲ್ಲಿರುವುದು ನಿಮ್ಮ ಹೆಸರು. ಇರಬೇಕಾಗಿದ್ದದ್ದು ನನ್ನದು.

ನಿಮಗೆ ಎಲ್ಲ ಗೊತ್ತು. ಆದರೂ ಬರೆಯುತ್ತೇನೆ. ಎರಡು ವರ್ಷದಲ್ಲಿ ಒಂದು ಸಲವೂ ನಿಮ್ಮೆದುರು ನಿಂತು ಹೇಳಿದವನಲ್ಲ ನಾನು.

ಹತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿ ಮೊಬೈಲ್ ಟವರ್ ಹತ್ತಿದವನು. ಕೂತಲ್ಲಿ ಕೂರದವನಿಗೆ ಅದಕ್ಕಿಂತ ಹೊಂದುವ ಕೆಲಸ ಇನ್ಯಾವುದಿತ್ತು? ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು ಪುಕ್ಕಲರ ಕೆಲಸ ಅಂದುಕೊಂಡಿದ್ದೆ. ಎರಡಾಳೆತ್ತರದಿಂದ ಬಿದ್ದು ಕಾಲು ಮುರಿದುಕೊಂಡು ಬಂದಾಗ ಅಣ್ಣ ಒಂದು ವಾರ ಮಾತು ಬಿಟ್ಟ. ನೀವು ಮಾತ್ರ ನನ್ನ ಪ್ಲಾಸ್ಟರಿನ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಕೋತಿ ಬರೆದಿರಿ. ಬಾಲಕ್ಕೆ ಹಗ್ಗ ಕಟ್ಟಿದ ಕೋತಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆಸರು ಉಳಿಯಿತು.

ಆಮೇಲೆ ನನ್ನನ್ನು ಈ ಕೋಣೆಗೆ ತಂದಿರಿ. "ಕಂಬ ಹತ್ತೋನಿಗೆ ಕಂಪ್ಯೂಟರಾ?" ಅಂತ ಗಡಿಯಾರ ನಕ್ಕಾಗ ನೀವು ನಗಲಿಲ್ಲ. "ಎರಡು ಸಾಲು ಪಕ್ಕಪಕ್ಕ ಇಟ್ಟು ಏನು ಬದಲಾಯ್ತು ಅಂತ ಓದೋಕೆ ಬಂದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ" ಅಂದಿರಿ. ಮೊದಲ ದಿನ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೀನು ಹತ್ತುತಿದ್ದ ಟವರು ಬರೀ ಕಂಬ ಕಣೋ. ಬುದ್ಧಿ ಇರೋದು ಅದರ ಬುಡದ ಪೆಟ್ಟಿಗೇಲಿ. ಇಂಗ್ಲಿಷಲ್ಲಿ ಅದಕ್ಕೆ 'ನೋಡ್' ಅಂತಾರೆ, ನಮ್ಮ ಬಾಯಲ್ಲಿ ನೋಡು. ಯಾವ ದಾರೀಲಿ ಮಾತಾಡ್ಬೇಕು, ಎಷ್ಟು ಜೋರಾಗಿ ಮಾತಾಡ್ಬೇಕು, ಎಲ್ಲ ಅದಕ್ಕೆ ಇಲ್ಲಿಂದ್ಲೇ ಹೇಳಿ ಕಳಿಸೋದು."

ಪರದೆಯ ಮೇಲೆ ಬಂದ ಒಂದೊಂದು ಇಂಗ್ಲಿಷ್ ಸಾಲನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿ ಪಕ್ಕದಲ್ಲೇ ಕನ್ನಡ ಬರೆಸಿದಿರಿ. ಬದಲಾವಣೆ ಕಳಿಸುವ ಮುಂಚೆ ಹಳೆಯದು ಹೊಸದು ಎರಡನ್ನೂ ಗಟ್ಟಿಯಾಗಿ ಓದಿಸಿದಿರಿ. ಸಣ್ಣ ಹುಡುಗರ ಹಾಗೆ ಮಗ್ಗಿ ಒಪ್ಪಿಸುವುದಕ್ಕೆ ನಾಚಿಕೆಯಾಗುತ್ತಿತ್ತು. ಕೊನೆಯಲ್ಲಿ ಆ ಪುಟ್ಟ ಚೌಕ. ಅದರಲ್ಲಿ ಗುರುತು ಹಾಕಿ ಕಳಿಸಿದರೆ, ಹತ್ತು ನಿಮಿಷದೊಳಗೆ ನಾವು 'ಸರಿಯಾಗಿದೆ' ಅಂತ ಒತ್ತದಿದ್ದರೆ ನೋಡು ತಾನಾಗಿಯೇ ಹಳೇ ಸ್ಥಿತಿಗೆ ಮರಳುತ್ತದೆ. "ಇದು ನಿನ್ನ ಸೊಂಟದ ಹಗ್ಗ" ಅಂದಿರಿ. "ಆ ಹಗ್ಗ ಕಟ್ಕೊಳ್ದೆ ಕಾಲು ಮುರ್ಕೊಂಡೆ. ಇಲ್ಲಿ ಕಟ್ಟದೇ ಇದ್ರೆ ಮುರಿಯೋದು ಬೇರೆಯವರ ಕಾಲು."

ಕೇಳಿಸಿಕೊಂಡೆ. ತಲೆಯೂ ಆಡಿಸಿದೆ.

ಅವತ್ತು ಇಪ್ಪತ್ತಾರು ನೋಡುಗಳ ದಾರಿ ನಂಬರ್ ಬದಲಾಯಿಸಬೇಕಿತ್ತು. ನನ್ನ ಲಾಗಿನ್‌ನಲ್ಲಿ ನೋಡಬಹುದಿತ್ತೇ ಹೊರತು ಬದಲಾಯಿಸುವ ಹಾಗಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೊರಟ ನೀವು ನಿಮ್ಮ ಪರದೆ ನನಗೆ ಬಿಟ್ಟು, "ಒಂದೇ ಒಂದು ಮಾಡಿಟ್ಟಿರು, ಮಿಕ್ಕಿದ್ದು ನಾನು ಬಂದ್ಮೇಲೆ" ಅಂದಿರಿ. ನನಗೆ ನಿಮ್ಮ ಮುಂದೆ ಮೆರೆಯಬೇಕಿತ್ತು. ಬರುವಷ್ಟರಲ್ಲಿ ಎಲ್ಲ ಮುಗಿಸಿಟ್ಟರೆ ಏನಂತಾರೆ ನೋಡೋಣ ಅಂತ ಇಪ್ಪತ್ತಾರನ್ನೂ ಒಟ್ಟಿಗೆ ಆರಿಸಿ, ಚೌಕದ ಗುರುತು ತೆಗೆದು, ಓದದೆ ಕಳಿಸಿದೆ. ನಂಬರಿನ ಎರಡು ಅಂಕಿ ಹಿಂದುಮುಂದಾಗಿದ್ದವು. ಪರದೆಯ ಮೇಲೆ ಆ ನೋಡುಗಳ ಹಸಿರು ಚುಕ್ಕೆಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಸರಿಪಡಿಸೋಣ ಅಂದರೆ ನನ್ನ ಮಾತು ಅವಕ್ಕೆ ಮುಟ್ಟುತ್ತಿದ್ದುದೇ ಆ ದಾರಿಯಲ್ಲಿ. ಕೂತ ಕೊಂಬೆಯನ್ನೇ ಕಡಿದಿದ್ದೆ.

ದವಡೆ ಊದಿಸಿಕೊಂಡು ಬಂದ ನೀವು ಪರದೆ ನೋಡಿದಿರಿ. ಬೈಯಲಿಲ್ಲ. ಮರಗಟ್ಟಿದ ಬಾಯಲ್ಲೇ "ಲ್ಯಾಪ್‌ಟಾಪು, ಕೇಬಲ್ಲು, ಜೀಪು. ಹೊರಡು" ಅಂದಿರಿ. ಒಂದೊಂದು ಪೆಟ್ಟಿಗೆಯ ಹತ್ತಿರವೂ ಹೋಗಿ ಕೈಯಾರೆ ತಿದ್ದಬೇಕಿತ್ತು. ನಾಲ್ಕು ಜೀಪು ಹೋದವು, ನನ್ನ ಪಾಲಿಗೆ ಏಳು ನೋಡು ಬಂದವು.

ನಿಮಗೂ ಹೇಳದ ಒಂದು ಮಾತಿದೆ. ಮೂರನೆಯ ಟವರಿನ ಬೇಲಿಯ ಹೊರಗೆ ಒಬ್ಬ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಆಚೆ ಈಚೆ ಓಡಾಡುತ್ತಿದ್ದ. ನನ್ನದೇ ವಯಸ್ಸು. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. "ಹೆಂಡ್ತಿಗೆ ನೋವು ಶುರುವಾಗಿದೆ ಅಣ್ಣಾ, ಆಂಬುಲೆನ್ಸಿಗೆ ಮಾಡ್ತಿದೀನಿ, ಹೋಗ್ತಾನೇ ಇಲ್ಲ. ನನ್ನ ಫೋನೇ ಕೆಟ್ಟಿದೆಯಾ ನೋಡಿ" ಅಂದ. ಅವನ ಫೋನು ಚೆನ್ನಾಗಿತ್ತು ಅತ್ತಿಗೆ. ಅದನ್ನು ಹೇಳದೆ ಬೇಲಿಯೊಳಗೆ ಪೆಟ್ಟಿಗೆಯ ಹತ್ತಿರ ಓಡಿದೆ. ಕೇಬಲ್ ಸಿಕ್ಕಿಸುವಾಗ ಮೂರು ಸಲ ಜಾರಿತು. ನೋಡು ಎದ್ದಿತು. ಅವನಿಗೆ ಫೋನ್ ಸಿಕ್ಕಿತು. ಮಾತಾಡುತ್ತಲೇ ಇಳಿಜಾರಿನಲ್ಲಿ ಓಡಿದ, ಓಡುತ್ತ ತಿರುಗಿ ನನಗೆ ಕೈ ಮುಗಿದ. ಆಮೇಲೆ ಏನಾಯಿತೋ ಗೊತ್ತಿಲ್ಲ. ಕೈ ಮುಗಿದದ್ದು ಮಾತ್ರ ಇವತ್ತಿಗೂ ಉಣ್ಣಲು ಬಿಡುವುದಿಲ್ಲ.

ಮಾರನೇ ದಿನ ವಿಚಾರಣೆ. ದಾಖಲೆಯಲ್ಲಿ ನಿಮ್ಮ ಲಾಗಿನ್ ಇತ್ತು. "ಯಾರು ಮಾಡಿದ್ದು?" ಅಂದಾಗ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನೀವು "ನಾನೇ" ಅಂದಿರಿ. ಮೇಜಿನ ಕೆಳಗೆ ನನ್ನ ಕಾಲು ತುಳಿದಿರಿ, ಅದೂ ಮುರಿದಿದ್ದ ಕಾಲನ್ನೇ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ನಿಮ್ಮನ್ನು ದೂರದೂರಿನ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಅಣ್ಣನೂ ಇದ್ದ ಕೆಲಸ ಬಿಟ್ಟು ನಿಮ್ಮ ಜೊತೆ ಬಂದ. ಹೊರಡುವ ದಿನ ನೀವು ಹೇಳಿದ್ದಿಷ್ಟೇ, "ಲಾಗಿನ್ ಬಿಟ್ಟು ಹೋದ ತಪ್ಪು ನಂದು. ನೀನು ಕಲಿತೆಯಲ್ಲ, ಸಾಕು."

ಕಲಿತೆ ಅತ್ತಿಗೆ. ಎರಡು ವರ್ಷದಲ್ಲಿ ಒಂದು ಸಲವೂ ಆ ಚೌಕ ಖಾಲಿ ಬಿಟ್ಟಿಲ್ಲ. ಈಗಲೂ ಗಟ್ಟಿಯಾಗಿ ಓದುತ್ತೇನೆ, ಪಕ್ಕದವರು "ಶುರುವಾಯ್ತು ಇವನ ಮಂತ್ರ" ಅಂತ ಕಿವಿ ಮುಚ್ಚಿಕೊಳ್ಳುತ್ತಾರೆ. ಕಳೆದ ವರ್ಷ ಎರಡು ಸಲ ಬೇರೆಯವರ ತಪ್ಪಿನಿಂದ ನೋಡುಗಳು ಸತ್ತು, ಹತ್ತೇ ನಿಮಿಷಕ್ಕೆ ತಾವಾಗಿ ಎದ್ದವು. ಯಾರಿಗೂ ಸುದ್ದಿಯೇ ಆಗಲಿಲ್ಲ. ಸುದ್ದಿಯಾಗದ್ದರಿಂದಲೇ ಗಡಿಯಾರಕ್ಕೆ ಅದು ದಂಡದ ಹೊತ್ತು ಅನ್ನಿಸಿದೆ.

"ಕೆಲಸ ಹೋಗುತ್ತೆ ಕಣೋ" ಅಂದಿರಿ. ಹೋಗಬಹುದು. ಹೋದರೆ ಹೋಗಲಿ ಅನ್ನುವ ಧೈರ್ಯವೇನೂ ಇಲ್ಲ, ಅಕ್ಷರ ನೋಡಿದರೆ ನಿಮಗೇ ತಿಳಿಯುತ್ತದೆ. ನೀವು ಸುಳ್ಳು ಹೇಳಿದ್ದೂ ಬಯಲಾಗುತ್ತದೆ. ಅದಕ್ಕೆ ನನ್ನನ್ನು ಕ್ಷಮಿಸಿ. ಆದರೆ ನಾನು ಇವತ್ತು ಸುಮ್ಮನಿದ್ದರೆ ಇನ್ಯಾವುದೋ ಬೇಲಿಯ ಹತ್ತಿರ ಇನ್ಯಾರೋ ಫೋನ್ ಎತ್ತಿ ಹಿಡಿದುಕೊಂಡು ಓಡಾಡುತ್ತಾನೆ. ಅಷ್ಟಕ್ಕೇ ಹೋಗುತ್ತಿದ್ದೇನೆ. ಜೊತೆಗೆ ನಿಮ್ಮ ಹೆಸರಿನ ಮೇಲಿರುವುದನ್ನು ಒರೆಸಿ ಬರಬೇಕು. ನೀವು ಬರೆಸಿದ ನೋಟ್‌ಬುಕ್ಕನ್ನೂ ಒಯ್ಯುತ್ತೇನೆ, ಮಾತು ತಡವರಿಸಿದರೆ ಅದನ್ನೇ ಓದುತ್ತೇನೆ. ಓದುವುದನ್ನಂತೂ ನೀವು ಕಲಿಸಿದ್ದೀರಿ.

ಚಿಕ್ಕವನು ದೊಡ್ಡವರನ್ನು ಹರಸಬಾರದು ಅಂತಾರೆ. ಆದರೂ, ನಿಮ್ಮ ಹೊಟ್ಟೆ ತಣ್ಣಗಿರಲಿ ಅತ್ತಿಗೆ. ಅಣ್ಣನಿಗೆ ಈ ಕಾಗದ ತೋರಿಸಿ. ಬೈದರೆ ಬೈಯಲಿ.

ಹಗ್ಗ ಕಟ್ಟಿಕೊಂಡು ಹೊರಟ,
ನಿಮ್ಮ ಕೋತಿ

ಈ ಕೊನೆಯ ಸಾಲನ್ನು ಹೊರಗೆ ಗೋಡೆಗೆ ಕಾಗದ ಒತ್ತಿ ಹಿಡಿದು ಬರೆಯುತ್ತಿದ್ದೇನೆ. ನಾನು ಈ ಕೋಣೆಯಿಂದ ಎದ್ದು ಹೋದಾಗಲೆಲ್ಲ "ಬಾಗಿಲು ಹಾಕೋ, ಬಾಲ ಸಿಕ್ಕೊಳ್ಳುತ್ತೆ ಅಂತ ಭಯಾನಾ?" ಅಂತ ಕೂಗುತ್ತಿದ್ದಿರಲ್ಲ, ಇವತ್ತು ಯಾರೂ ಕೂಗಲಿಲ್ಲ. ನಾನೇ ತಿರುಗಿ ಬಂದು, ಚಿಲಕ ಬಿದ್ದ ಸದ್ದು ಕೇಳುವವರೆಗೂ ಎಳೆದು ಹಾಕಿದ್ದೇನೆ.