ಅಕ್ಕನ ಅಡುಗೆ, ನನ್ನ ತೂಕ

11 ನವೆಂಬರ್ 1957, ಸಂಜೆ 7

ಎಂದಿನಂತೆ ದಿನ. ಆರೂವರೆಗೆ ಕಾಫಿ. ಒಂಬತ್ತಕ್ಕೆ ಊಟ — ಹುಳಿಗೆ ಒಂದು ಸಲ, ಸಾರಿಗೆ ಒಂದು ಸಲ, ಮೊಸರಿಗೆ ಎರಡು ಸಲ ಅನ್ನ. ಡಬ್ಬಿಯಲ್ಲಿ ಉಪ್ಪಿಟ್ಟು, ಮೇಲೆ ಕೊಬ್ಬರಿ ಮಿಠಾಯಿ. ಸೌತ್ ಎಂಡ್ ಹತ್ತಿರ ಬಸ್ಸು ಸಿಕ್ಕಿತು.

ಆಫೀಸಿನ ಎರಡನೇ ಮಹಡಿ ತಲುಪಲಾಗಲಿಲ್ಲ. ನಡುವೆಯೇ ಮೆಟ್ಟಿಲ ಮೇಲೆ ಕುಳಿತೆ. ಕೆಳಗಿನಿಂದ ಬಂದವರೊಬ್ಬರು, "ಏನ್ ಸಾರ್, ಫೈಲ್ ಕಳ್ದೋಯ್ತಾ?" ಎಂದರು. ನಕ್ಕೆ. ಉಸಿರಿಲ್ಲದೆ ನಗುವುದು ಕಷ್ಟ.

ಬರೆಯಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಬೆಳಿಗ್ಗೆ ಬಚ್ಚಲ ಮೋರಿಯ ಹತ್ತಿರ ಇರುವೆಗಳ ಸಾಲು ಕಂಡೆ. ಅಪ್ಪನ ಕೊನೆಯ ವರ್ಷ ಹೀಗೆಯೇ ಇರುವೆ ಮುತ್ತುತ್ತಿದ್ದವು. ನೀರು ಸುರಿದು ಬಂದೆ. ಅಕ್ಕ ನೋಡಲಿಲ್ಲ.

14 ನವೆಂಬರ್

ಗಾಂಧಿಬಜಾರಿನ ಡಾಕ್ಟರು ವೆಂಕಟಾಚಲ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ನನ್ನ ಮೂತ್ರದ ಹನಿಗಳು, ಕೆಳಗೆ ಸ್ಪಿರಿಟ್ ದೀಪ. ನೀಲಿ ಹಸಿರಾಯಿತು, ಹಳದಿಯಾಯಿತು. ಅಲ್ಲಿಗೆ ನಿಲ್ಲಲಿ ಎಂದು ನೋಡುತ್ತಿದ್ದೆ. ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಸಕ್ಕರೆ ಕಾಯಿಲೆ. ತಂದೆಯವರಿಗಿತ್ತಾ?"

"ಇತ್ತು. ಕಾಲು ತೆಗೆದ್ರು. ಆಮೇಲೆ ಮೂರೇ ತಿಂಗಳು."

"ವಯಸ್ಸು?"

"ನಲವತ್ತೇಳು." ಕೇಳದೆಯೇ ಹೇಳಿದೆ — "ನನಗೀಗ ನಲವತ್ತೆರಡು."

ತೂಕ ನೋಡಿದರು. ಇನ್ನೂರ ಹನ್ನೆರಡು ಪೌಂಡು. "ಹೆದರ್ಕೋಬೇಡಿ. ಮಾತ್ರೆ ವಿಷಯ ಆಮೇಲೆ ನೋಡೋಣ. ಮೊದಲು ತೂಕ ಇಳಿಸಿ. ಇಳಿಸೋದು ಅಂಥ ಕಷ್ಟ ಅಲ್ಲ ಸೇತುರಾಮ್, ಇಳಿದದ್ದು ಮತ್ತೆ ಏರದ ಹಾಗೆ ನೋಡ್ಕೊಳ್ಳೋದೇ ಕಷ್ಟ. ಸಾಯೋ ತನಕ ಮಾಡೋಕಾಗೋವಂಥದ್ದು ಮಾಡಿ. ಮನೇಲಿ ಅಡುಗೆ ಯಾರದ್ದು?"

"ಅಕ್ಕನದ್ದು."

"ಹಾಗಾದ್ರೆ ಅವರನ್ನ ಕರ್ಕೊಂಡು ಬನ್ನಿ."

ಕರೆದುಕೊಂಡು ಹೋಗುವುದಿಲ್ಲ. ಅಪ್ಪನ ಕಾಲಿನ ಗಾಯ ತೊಳೆದವಳು ಅವಳು. ಆಗ ಅವಳಿಗೆ ಇಪ್ಪತ್ತಮೂರು. ಗಂಡ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಾಯದ ಬಟ್ಟೆ ಬಿಚ್ಚುವಾಗ ನಾನು ಹೊರಗೆ ಓಡುತ್ತಿದ್ದೆ. ಅವಳು ಓಡಲಿಲ್ಲ. ಮತ್ತೊಮ್ಮೆ ಅದನ್ನು ಅವಳ ಮುಂದೆ ಇಡಲಾರೆ.

2 ಡಿಸೆಂಬರ್

ಡಬ್ಬಿ ಆಫೀಸಿನಲ್ಲಿ ಯಾರಿಗಾದರೂ ಕೊಡುತ್ತೇನೆ. ಬೆಳಿಗ್ಗೆ ಅರ್ಧ ಊಟ. ರಾತ್ರಿ ಬರೀ ಮಜ್ಜಿಗೆ — "ಆಫೀಸಲ್ಲಿ ಯಾರದ್ದೋ ಪ್ರಮೋಷನ್ನು, ತಿಂಡಿ ಕೊಡಿಸಿದ್ರು" ಎನ್ನುತ್ತೇನೆ. ಇಷ್ಟೊಂದು ಪ್ರಮೋಷನ್ ಯಾವ ಸರ್ಕಾರ ಕೊಡುತ್ತದೆ!

ತಲೆ ಸುತ್ತು. ಸಿಟ್ಟು ಬೇಗ ಬರುತ್ತದೆ. ಆದರೆ ಪಂಚೆ ಸಡಿಲವಾಗಿದೆ.

16 ಜನವರಿ 1958

ಎಳ್ಳು ಬೀರಲು ಪಕ್ಕದ ಮನೆಯ ಕಮಲಾದೇವಿ ಬಂದಿದ್ದರು. ನಾನು ಒಳಗಿದ್ದೆ. ಅವರ ಪಿಸುಮಾತು ನಾಲ್ಕು ಮನೆಗೆ ಕೇಳುವಂಥದ್ದು.

"ಶಾಂತಮ್ಮನೋರೆ, ತಪ್ಪು ತಿಳ್ಕೋಬೇಡಿ. ನಿಮ್ಮ ತಮ್ಮ ಹೀಗೆ ಇಳಿದುಹೋಗಿದಾರಲ್ಲ... ಕೆಮ್ಮು ಗಿಮ್ಮು ಇದೆಯಾ? ಟೀಬಿ ಅಂದ್ರೆ ಈಗ ಔಷಧ ಇದೆ."

ರಾತ್ರಿ ನನ್ನ ತಟ್ಟೆಗೆ ತುಪ್ಪ ಹೆಚ್ಚಾಗಿ ಬಿತ್ತು. ಬದಿಗೆ ತಳ್ಳಿದೆ. ಅಕ್ಕ ತಟ್ಟೆಯನ್ನೇ ನೋಡುತ್ತಿದ್ದಳು.

ಎಲ್ಲರೂ ಕೇಳುತ್ತಾರೆ. ದಪ್ಪಗಿದ್ದಾಗ ಯಾರೂ ಕೇಳಿರಲಿಲ್ಲ. ಆಗ ನಾನು ಚೆನ್ನಾಗಿದ್ದೆನಂತೆ.

24 ಮಾರ್ಚ್, ಬೆಳಿಗ್ಗೆ

ತೂಕ ನೂರ ಎಪ್ಪತ್ತು. ಡಾಕ್ಟರಿಗೆ ಖುಷಿಯಾಗಲಿಲ್ಲ. "ಇಷ್ಟು ಬೇಗ ಬೇಡ ಅಂದಿದ್ದೆ" ಎಂದರು.

ಮೊನ್ನೆ ಯುಗಾದಿ. ಅಕ್ಕ ಬೆಳಗಿನ ಜಾವವೇ ಎದ್ದು ಒಬ್ಬಟ್ಟು ತಟ್ಟಿದ್ದಳು. ತಟ್ಟೆಗೆ ಹಾಕಲು ಬಂದಾಗ ಕೈ ಅಡ್ಡ ಹಿಡಿದೆ. ಅವಳು ಮತ್ತೆ ಬಗ್ಗಿದಳು. "ಬೇಡ ಅಂದ್ರೆ ಬೇಡ, ಎಷ್ಟು ಸಲ ಹೇಳ್ಬೇಕು!" ಎಂದು ಕೂಗಿದೆ. ಹಬ್ಬದ ದಿನ.

ಒಬ್ಬಟ್ಟಿನ ತಟ್ಟೆ ಕೆಳಗಿಟ್ಟಳು. "ಮೂವತ್ತು ವರ್ಷದಿಂದ ಹಾಕ್ತಿದೀನಿ. ನನ್ನ ಕೈ ಕೆಟ್ಟಿತಾ ಸೇತು? ಬೇರೆ ಎಲ್ಲಾದ್ರೂ ಊಟ ಗೊತ್ತುಮಾಡ್ಕೊಂಡಿದೀಯಾ? ಹೇಳ್ಬಿಡು."

ಹೇಳಬಹುದಾಗಿತ್ತು. ಕೈ ತೊಳೆಯಲು ಎದ್ದುಹೋದೆ.

ಇವತ್ತು ಗವಿಪುರಕ್ಕೆ ಹೋದಳು, ಚಿಕ್ಕಮ್ಮನ ಮಗಳ ಮನೆಗೆ. ಬಾಣಂತನಕ್ಕೆ ಎಂದಳು. ಬಾಣಂತನಕ್ಕೆ ಇನ್ನೂ ಮೂರು ತಿಂಗಳಿದೆ.

9 ಏಪ್ರಿಲ್

ಹೋಟೆಲು. ಮಸಾಲೆ ದೋಸೆ ಎರಡು, ಕೇಸರಿಭಾತು.

30 ಏಪ್ರಿಲ್

ಹೋಟೆಲು.

17 ಆಗಸ್ಟ್

ಇಷ್ಟು ದಿನ ಬರೆಯಲಿಲ್ಲ, ನಾಚಿಕೆಯಿಂದ. ಹಳೆಯ ಪ್ಯಾಂಟುಗಳೇ ಮತ್ತೆ ಆಗುತ್ತಿವೆ — ಅವೂ ಬಿಗಿ. ಡಾಕ್ಟರ ಕಡೆ ತಲೆ ಹಾಕಿಲ್ಲ. ತಿನ್ನುವಾಗ ಹಸಿವಿರುವುದಿಲ್ಲ. ಮನೆಗೆ ಬಂದು ಅಡುಗೆಮನೆಯ ದೀಪ ಹಾಕಲು ಮನಸ್ಸಾಗುವುದಿಲ್ಲ, ಅದಕ್ಕೇ ಹೋಟೆಲಿನಲ್ಲಿ ಕೂರುತ್ತೇನೆ. ಕುಳಿತರೆ ಏನಾದರೂ ತರಿಸಬೇಕಲ್ಲ.

ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತ್ತು. ಮೂರು ವಾರವಾಯಿತು. ಮಾಗಿಲ್ಲ.

18 ಆಗಸ್ಟ್

ಮಾಗಿಲ್ಲ. ಸುತ್ತ ಕಪ್ಪಗಿದೆ. ಆಫೀಸಿಗೆ ರಜಾ ಹಾಕಿ ಗವಿಪುರಕ್ಕೆ ಹೋದೆ.

ಅಕ್ಕ ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಗಿಸುತ್ತಿದ್ದಳು. ನೋಡಿದಳು, ಬಟ್ಟೆ ಹಿಂಡುತ್ತಲೇ ಇದ್ದಳು. "ದಪ್ಪಗಾಗಿದೀಯ. ಹೋಟೆಲ್ ಊಟ ಹಿಡಿಸಿದೆ ಅನ್ನು."

"ಅಕ್ಕ, ಅಪ್ಪನ ಕಾಯಿಲೆ ನನಗೂ ಬಂದಿದೆ."

ಕೈ ನಿಂತಿತು. ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಟ್ಟೆ. ಅವಳು ಬಗ್ಗಿ ಬೆರಳು ನೋಡಿದಳು. ಮುಟ್ಟಿದಳು. ಮೂಸಿದಳು ಕೂಡ. ಅಪ್ಪನಿಗೂ ಹಾಗೆಯೇ ಮಾಡುತ್ತಿದ್ದಳು, ವಾಸನೆ ಬಂದಿದೆಯೋ ಎಂದು.

"ಯಾವಾಗಿಂದ?"

"ಹೋದ ನವೆಂಬರ್."

"ನವೆಂಬರಿಂದ! ಬಾಯಲ್ಲಿ ಏನಿಟ್ಕೊಂಡಿದ್ದೆ? ನಾನು ತುಪ್ಪ ಸುರೀತಾ ಇದ್ದೆ, ನೀನು ಸುಮ್ನೆ ನೋಡ್ತಾ ಇದ್ದೆ. ಕೈಯಾರೆ ನಿನಗೆ ವಿಷ ಹಾಕಿಸ್ದೆಯಲ್ಲೋ ನನ್ನಿಂದ." ಒದ್ದೆ ಬಟ್ಟೆಯಿಂದಲೇ ಬೆನ್ನಿಗೆ ಒಂದು ಬಿಟ್ಟಳು. ಆಮೇಲೆ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೆ?" ಎಂದಳು.

ಇಬ್ಬರೂ ಜಟಕಾದಲ್ಲಿ ಹೋದೆವು. ಡಾಕ್ಟರು ಗಾಯ ಕೊರೆದು ಶುದ್ಧ ಮಾಡಿದರು, ಚುಚ್ಚುಮದ್ದು ಕೊಟ್ಟರು. "ಮೂಳೆಗೆ ಮುಟ್ಟಿಲ್ಲ. ಉಳಿಯುತ್ತೆ" ಎಂದರು. ಅಕ್ಕ ಮೂರು ಸಲ ಕೇಳಿದಳು, ಮೂರು ಸಲವೂ ಅದನ್ನೇ ಹೇಳಿದರು.

ಹೊರಡುವಾಗ ಅವಳಿಗೂ ಹೇಳಿದರು: "ಬಂದಿದೀರಲ್ಲಮ್ಮ, ನಿಮ್ಮದೂ ಒಂದು ಪರೀಕ್ಷೆ ಆಗಿಹೋಗ್ಲಿ."

ಅವಳದ್ದು ಕಿತ್ತಳೆಗೆ ತಿರುಗಿತು.

19 ಆಗಸ್ಟ್

ಅಕ್ಕ ಮನೆಯಲ್ಲಿದ್ದಾಳೆ. ಬರೆಯುವಾಗ ಅಡುಗೆಮನೆಯ ಸದ್ದು ಕೇಳುತ್ತಿದೆ. ಇದಕ್ಕಿಂತ ಹೆಚ್ಚು ಇವತ್ತು ಬರೆಯಬೇಕಾಗಿಲ್ಲ.

ಇಲ್ಲ, ಒಂದಿದೆ. ನಿನ್ನೆ ಮನೆ ಹತ್ತಿರ ಬಂದಾಗ ತಾನಾಗಿ ಹೇಳಿದಳು: "ನಾನು ಒಂದು ಹೊತ್ತು ಊಟದವಳು ಅಂತ ಎಲ್ಲರೂ ಅಂದ್ಕೊಂಡಿದಾರೆ. ನೀನು ಬಿಟ್ಟದ್ದು, ಮಿಕ್ಕಿದ್ದು, ಸಿಹಿ ಪಾತ್ರೆಯ ತಳ — ಎಲ್ಲ ಒಲೆ ಮುಂದೆ ನಿಂತ್ಕೊಂಡೇ ತಿಂತಿದ್ದೆ ಸೇತು. ಯಾರ ಕಣ್ಣಿಗೂ ಬೀಳದ ಹಾಗೆ. ಇವತ್ತು ಆ ಗಾಜಿನ ಕೊಳವೆ ಹೇಳ್ಬಿಡ್ತು." ನಗಲು ನೋಡಿದಳು.

ಮಾತ್ರೆ ಇಬ್ಬರಿಗೂ ಬರೆದಿದ್ದಾರೆ. ತೂಕ ಇಬ್ಬರದೂ ಇಳಿಯಬೇಕು.

12 ಅಕ್ಟೋಬರ್

ಬೆರಳು ಮಾಗಿತು. ಹೊಸ ಚರ್ಮ, ತಿಳಿ ಗುಲಾಬಿ. ಮಗುವಿನದರ ಹಾಗೆ.

ಅಕ್ಕನ ಹೊಸ ಕಾಯಿದೆ: ಇಬ್ಬರೂ ಒಟ್ಟಿಗೆ ಕೂತು ತಿನ್ನುವುದು. ತಟ್ಟೆಗೆ ಒಮ್ಮೆಗೇ ಬಡಿಸಿ ಪಾತ್ರೆ ಒಳಗಿಟ್ಟು ಬರುವುದು. ಅನ್ನ ಒಂದು ಸೌಟು. ಪಲ್ಯ, ಕೋಸಂಬರಿ, ಮಜ್ಜಿಗೆ ಬೇಕಾದಷ್ಟು. ಉಪವಾಸ ಇಲ್ಲ — ಅದನ್ನು ನನ್ನ ಕಡೆ ನೋಡಿಯೇ ಹೇಳಿದಳು. ಮೊದಲ ದಿನ ನನ್ನೆದುರು ಕೂತು ತಿನ್ನಲು ಅವಳಿಗೆ ಸಂಕೋಚವಾಯಿತು. ಮೂವತ್ತು ವರ್ಷದಲ್ಲಿ ಅವಳು ತಿನ್ನುವುದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

3 ನವೆಂಬರ್, ಬೆಳಿಗ್ಗೆ 8

ನಡಿಗೆ ಶುರು. ಯಡಿಯೂರು ಕೆರೆಯವರೆಗೆ. ಅಕ್ಕ ತಲೆ ಮೇಲೆ ಸೆರಗೆಳೆದುಕೊಂಡು, ನೆಲ ನೋಡುತ್ತಾ, ನನಗಿಂತ ಹತ್ತು ಹೆಜ್ಜೆ ಹಿಂದೆ. ದೇವಸ್ಥಾನಕ್ಕೆ ಹೋಗುವವಳಂತೆ ಕೈಯಲ್ಲಿ ಹೂವಿನ ಬುಟ್ಟಿ. ಖಾಲಿ ಬುಟ್ಟಿ.

"ಬುಟ್ಟಿ ಯಾಕೆ?"

"ಸುಮ್ನೆ ಓಡಾಡ್ತಿದಾಳೆ ಅಂತಾರೆ."

ಕೆರೆಯ ಹತ್ತಿರ ಹಸು ಮೇಯಿಸುತ್ತಿದ್ದವರು ತಿಮ್ಮರಾಯಪ್ಪ, ಯಡಿಯೂರಿನವರು. ನಮ್ಮ ಬಡಾವಣೆಯಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದರಂತೆ. "ಏನ್ ಅಮ್ಮಾವ್ರೆ, ಹೂವ ಇತ್ಲಾಗಿಲ್ಲ, ಅತ್ಲಾಗೈತೆ" ಎಂದರು. ಅಕ್ಕ ತಬ್ಬಿಬ್ಬಾಗಿ, "ಹೂವಿಗಲ್ಲ, ನಡೆಯೋಕೆ ಬಂದದ್ದು" ಎಂದುಬಿಟ್ಟಳು. "ನಡೀರಿ ಮತ್ತೆ! ಕೆರೆ ಏನ್ ಕಾಸ್ ಕೇಳ್ತದಾ?"

ಬುಟ್ಟಿ ನಾಳೆ ಬರುವುದಿಲ್ಲ ಅನ್ನಿಸುತ್ತದೆ.

22 ಫೆಬ್ರವರಿ 1959

ನನ್ನ ಕೊಳವೆ ಹಸಿರಿಗೇ ನಿಂತಿತು. ಅಕ್ಕನದು ನೀಲಿ. ಬಣ್ಣವೇ ಬದಲಾಗಲಿಲ್ಲ. ಡಾಕ್ಟರು ದೀಪ ಆರಿಸಿದ ಮೇಲೂ ಅವಳು ಅದನ್ನೇ ನೋಡುತ್ತಾ ನಿಂತಿದ್ದಳು. ಹೊರಗೆ ಬಂದು, "ಸೇತು, ನಿನಗಿಂತ ಮೊದಲು ಪಾಸಾದೆ" ಎಂದಳು. ಶಾಲೆಗೆ ಹೋಗದ ಹೆಂಗಸು.

7 ಜುಲೈ 1960

ಐದು ಪೌಂಡು ಏರಿದೆ. ಮಳೆ, ಎರಡು ಮದುವೆ, ಒಂದು ಗೃಹಪ್ರವೇಶ. ಹಳೆಯ ಭಯ ಬಂತು — ಮುಗಿಯಿತು, ಇನ್ನು ಎಲ್ಲ ಏರುತ್ತದೆ, ಏರುವುದಾದರೆ ತಿಂದೇ ಏರಲಿ. ಸಂಜೆ ಬರುವಾಗ ಹೋಟೆಲಿನ ಬಾಗಿಲವರೆಗೆ ಹೋಗಿದ್ದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಈಗ ಹೇಳುತ್ತೇನೆ. ಎಲ್ಲವನ್ನೂ.

"ಐದು ಏರಿದ್ರೆ ಐದು ಇಳಿಸೋದು" ಎಂದಳು, ಹುರುಳಿಕಾಯಿ ಸೋಸುತ್ತಾ. "ಹಾಲು ಉಕ್ಕಿ ಚೆಲ್ತು ಅಂತ ಪಾತ್ರೆ ಮಗುಚಿ ಹಾಕ್ತೀವಾ? ಛತ್ರಿ ಎಲ್ಲಿ? ನಡಿ."

ಮಳೆಯಲ್ಲೇ ಹೋಗಿ ಬಂದೆವು.

5 ಮಾರ್ಚ್ 1963

ಅಪ್ಪ ಹೋದ ವಯಸ್ಸನ್ನು ಇವತ್ತಿಗೆ ದಾಟಿದೆ. ಲೆಕ್ಕ ಹಾಕಿಟ್ಟುಕೊಂಡಿದ್ದು ನಾನೊಬ್ಬನೇ ಎಂದುಕೊಂಡಿದ್ದೆ. ಕೆರೆಯ ಏರಿಯ ಮೇಲೆ ಅಕ್ಕ ನಿಂತಳು. "ಇವತ್ತಿಂದ ನೀನು ಅಪ್ಪನಿಗಿಂತ ದೊಡ್ಡೋನು" ಎಂದಳು. ತಿಮ್ಮರಾಯಪ್ಪ ದೂರದಿಂದ ಕೈ ಬೀಸಿದರು. ನಾವೂ ಬೀಸಿದೆವು.

ಆಫೀಸಿನ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಯಾರೂ ನೋಡಲಿಲ್ಲ. ಪರವಾಗಿಲ್ಲ.

19 ಮೇ 1965

ಗವಿಪುರದವರ ಮನೆ ಮದುವೆ. ಪಂಕ್ತಿಯಲ್ಲಿ ಯಾರೋ ಹಿರಿಯರು ಅಕ್ಕನಿಗೆ, "ಎಷ್ಟು ಸೊರಗಿದೀಯ ಶಾಂತಾ, ತಮ್ಮ ಸರಿಯಾಗಿ ನೋಡ್ಕೊಳ್ತಿಲ್ವಾ?" ಎಂದರು.

"ಸೊರಗಿಲ್ಲ, ಇಳಿಸಿದೀನಿ" ಎಂದಳು, ಪಂಕ್ತಿಗೆಲ್ಲ ಕೇಳುವಂತೆ. ಒಂದು ಚಿರೋಟಿ ಹಾಕಿಸಿಕೊಂಡು ನಿಧಾನವಾಗಿ, ಎಲ್ಲರ ಎದುರಿಗೇ ತಿಂದಳು. ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಬಡಿಸುವವನು ಒತ್ತಾಯ ಮಾಡಲಿಲ್ಲ. ಅವಳ ಮುಖ ನೋಡಿದರೆ ಯಾರೂ ಮಾಡುವುದಿಲ್ಲ.

30 ಅಕ್ಟೋಬರ್ 1966

ಡಾಕ್ಟರು ಅಕ್ಕನ ಹಿಮ್ಮಡಿಯ ಒಡಕು ನೋಡಿ ಚಪ್ಪಲಿ ಬೇಡ, ಶೂ ಹಾಕಿ ಎಂದರು. ಸೀರೆಗೆ ಶೂವೇ ಎಂದು ಅವಳು ಒಂದು ವಾರ ವಾದ ಮಾಡಿದಳು. ಇವತ್ತು ಅಂಗಡಿಯಲ್ಲಿ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಎರಡು ಹೆಜ್ಜೆ ಇಟ್ಟಳು. ನಿಂತಳು. ಮತ್ತೆ ಎರಡು ಇಟ್ಟಳು. "ಇದನ್ನ ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ?"

ಅಂಗಡಿಯವನಿಗೆ ಹಳೆಯ ಚಪ್ಪಲಿ ಕಟ್ಟಿಕೊಡಲು ಹೇಳಿ ಶೂ ಹಾಕಿಕೊಂಡೇ ಬಂದಳು. ಕಮಲಾದೇವಿ ಗೇಟಿನಲ್ಲಿದ್ದರು. ಕೆಳಗೆ ನೋಡಿದರು. ಮೇಲೆ ನೋಡಿದರು. "ನಾನೂ ಬರ್ಲಾ ನಿಮ್ಮ ಜೊತೆ, ಬೆಳಿಗ್ಗೆ?" ಎಂದರು.

6 ನವೆಂಬರ್, ಬೆಳಿಗ್ಗೆ 6

ನಿನ್ನೆ ನನ್ನ ತೂಕ ನೋಡಿದರು. ಈಗ ಕಿಲೋ ಲೆಕ್ಕ — ಎಪ್ಪತ್ತೈದು, ಹಳೆಯ ನೂರ ಅರವತ್ತೈದು ಪೌಂಡು. ಹೋದ ವರ್ಷವೂ ಅಷ್ಟೇ, ಅದರ ಹಿಂದಿನ ವರ್ಷವೂ ಅಷ್ಟೇ. "ಇನ್ನು ಆರು ತಿಂಗಳಿಗೊಮ್ಮೆ ಬಂದ್ರೆ ಸಾಕು" ಎಂದರು ಡಾಕ್ಟರು. ಹೊಸದೇನೂ ಆಗದ ದಿನಗಳನ್ನು ಹೇಗೆ ಬರೆಯುವುದೋ ತಿಳಿಯದು. ಇಂಥ ಪುಟಗಳೇ ಇನ್ನೂ ಬೇಕು.

ಅಕ್ಕ ಅಂಗಳದಿಂದ ಕೂಗುತ್ತಿದ್ದಾಳೆ. "ಸೇತೂ, ಬರೆಯೋದು ಆಮೇಲೆ. ಬಿಸಿಲು ಬರುತ್ತೆ."

ಒಂದು ನಿಮಿಷ ಎಂದೆ.

"ನಿಮಿಷ ಗಿಮಿಷ ಇಲ್ಲ. ನಾನು ಹೊರಟೆ."

ನಿಜವಾಗಿಯೂ ಹೊರಟಳು. ಕಿಟಕಿಯಿಂದ ಕಾಣುತ್ತಿದೆ. ತಲೆ ಮೇಲೆ ಸೆರಗಿಲ್ಲ, ಕೈ ಬೀಸುತ್ತಿದ್ದಾಳೆ, ಕಮಲಾದೇವಿ ಹಿಂದೆ ಏದುಸಿರು ಬಿಡುತ್ತಾ... ತಿರುವು ದಾಟಿಯೇಬಿಟ್ಟಳು. ಇನ್ನು ಓಡದಿದ್ದರೆ ಕೆರೆಯವರೆಗೂ ಸಿಗುವುದಿ—